ಪರಿಚಯದ ಕಲಾವಿದರ ಚಿತ್ರಪ್ರದರ್ಶನಕ್ಕೆ ಪ್ರತಿಕ್ರಿಯಿಸುವ ಬಗೆ

ಪಕ್ಕದ ಬೀದಿಯಲ್ಲಿಯೋ ಅದೇ ಊರಿನಲ್ಲಿಯೋ ಇರುವ ಕಲಾವಿದರೊಬ್ಬರು ತಮ್ಮ ಹೊಸ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಾಗ, ನೋಡಲು ಬಂದವರಲ್ಲಿ ಅನೇಕರು ಒಂದು ಬಗೆಯ ಮುಜುಗರದಲ್ಲಿಯೇ ಹೊರಗೆ ಬರುತ್ತಾರೆ. ಚಿತ್ರ ಅರ್ಥವಾಯಿತೋ ಇಲ್ಲವೋ ಎಂಬ ಅಳುಕು ಒಂದು ಕಡೆಯಾದರೆ, ಬಾಗಿಲ ಬಳಿ ನಿಂತಿರುವ ಕಲಾವಿದರಿಗೆ ಏನಾದರೂ ಹೇಳಲೇಬೇಕೆಂಬ ಒತ್ತಡ ಇನ್ನೊಂದು ಕಡೆ. ಕೊನೆಗೆ ‘ತುಂಬಾ ಚೆನ್ನಾಗಿದೆ’ ಎಂಬ ಮಾತು ಹೊರಡುತ್ತದೆ. ಆ ಮಾತು ಸುಳ್ಳೆಂದಲ್ಲ. ಆದರೆ ಪ್ರದರ್ಶನಕ್ಕೆ ಕಾಲಿಡದವರೂ ಅದನ್ನು ಹೇಳಬಹುದು. ಕಲಾವಿದರಿಗೆ ತಮ್ಮ ಚಿತ್ರವನ್ನು ಇನ್ನೊಬ್ಬರ ಕಣ್ಣಿನಿಂದ ನೋಡುವ ಅವಕಾಶ ಸಿಗುವುದು ವೀಕ್ಷಕರ ಮಾತಿನಿಂದ ಮಾತ್ರ. ಆದ್ದರಿಂದ ಪ್ರತಿಕ್ರಿಯೆಯ ಬೆಲೆ ಅದರಲ್ಲಿರುವ ಹೊಗಳಿಕೆಯಲ್ಲಿ ಇಲ್ಲ, ಅದರಲ್ಲಿ ಎಷ್ಟು ನೋಟ ಅಡಗಿದೆ ಎಂಬುದರಲ್ಲಿದೆ.

ಮೊದಲು ಕಣ್ಣಿಗೆ ಸಮಯ ಕೊಡಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ವೀಕ್ಷಕರನ್ನು ಗಮನಿಸಿ 2001ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದರ ಪ್ರಕಾರ, ಜನರು ಒಂದು ಕಲಾಕೃತಿಯ ಮುಂದೆ ನಿಂತ ಸರಾಸರಿ ಅವಧಿ ಸುಮಾರು 27 ಸೆಕೆಂಡು. ಜಗತ್ಪ್ರಸಿದ್ಧ ಕೃತಿಗಳಿಗೇ ಇಷ್ಟು ಸಮಯವಾದರೆ, ಹೆಸರು ಇನ್ನೂ ಹರಡದ ಕಲಾವಿದರ ಚಿತ್ರಕ್ಕೆ ಎಷ್ಟು ದಕ್ಕೀತೆಂದು ಊಹಿಸಬಹುದು. ಎಲ್ಲ ಚಿತ್ರಗಳನ್ನೂ ಸಮವಾಗಿ ನೋಡಬೇಕೆಂಬ ಹಟ ಬೇಡ. ಮೊದಲ ಸುತ್ತಿನಲ್ಲಿ ಗೋಡೆಯ ಮೇಲಿನ ವಿವರಪಟ್ಟಿಗಳನ್ನೂ ಕೈಗೆ ಕೊಟ್ಟ ಕರಪತ್ರವನ್ನೂ ಓದದೆ ಸುಮ್ಮನೆ ನಡೆದು ಬನ್ನಿ. ಯಾವ ಚಿತ್ರ ಕಾಲನ್ನು ತಡೆಯಿತು, ಯಾವುದು ಕಿರಿಕಿರಿ ಹುಟ್ಟಿಸಿತು ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳಿ. ಎರಡನೆಯ ಸುತ್ತಿನಲ್ಲಿ ಅಂಥ ಮೂರು ಚಿತ್ರಗಳನ್ನು ಆರಿಸಿಕೊಂಡು ಒಂದೊಂದರ ಮುಂದೆಯೂ ಐದು ನಿಮಿಷವಾದರೂ ನಿಲ್ಲಿ. ಮೂರರಲ್ಲಿ ಒಂದು ನಿಮಗೆ ಹಿಡಿಸದ ಚಿತ್ರವಾಗಿದ್ದರೆ ಒಳ್ಳೆಯದು, ಏಕೆಂದರೆ ಇಷ್ಟವಾಗದಿರುವುದಕ್ಕೆ ಕಾರಣ ಹುಡುಕುವಾಗ ಕಣ್ಣು ಹೆಚ್ಚು ಚುರುಕಾಗಿ ಕೆಲಸ ಮಾಡುತ್ತದೆ.

ನಿಲ್ಲುವ ದೂರವನ್ನು ಬದಲಾಯಿಸುತ್ತಿರಿ. ದೂರದಿಂದ ಸಂಯೋಜನೆ ಕಾಣುತ್ತದೆ: ಭಾರ ಎತ್ತ ವಾಲಿದೆ, ಕಣ್ಣು ಎಲ್ಲಿಂದ ಒಳಹೋಗಿ ಎಲ್ಲಿ ನಿಲ್ಲುತ್ತದೆ, ಖಾಲಿ ಬಿಟ್ಟ ಜಾಗ ಎಷ್ಟು. ಹತ್ತಿರ ಹೋದಾಗ ಕೈಚಳಕ ಕಾಣುತ್ತದೆ: ಕುಂಚದ ಗೆರೆ, ಚಾಕುವಿನಿಂದ ಎಳೆದ ದಪ್ಪ ಬಣ್ಣ, ಕೆಳಗಿನ ಪದರವನ್ನು ಕೆರೆದು ತೋರಿಸಿದ ಭಾಗ. ದೊಡ್ಡ ಚಿತ್ರವನ್ನು ದೂರದಿಂದಲೇ ನೋಡಬೇಕೆಂಬ ನಿಯಮವೇನೂ ಇಲ್ಲ. ಅಮೆರಿಕದ ಚಿತ್ರಕಲಾವಿದ ಮಾರ್ಕ್ ರಾಥ್ಕೊ ಅವರು ನೋಡುವವರೊಂದಿಗೆ ಆಪ್ತತೆ ಸಾಧಿಸಲೆಂದೇ ತಾವು ದೊಡ್ಡ ಗಾತ್ರದ ಚಿತ್ರಗಳನ್ನು ರಚಿಸುವುದಾಗಿ ಹೇಳಿದ್ದರು. ಮೊಬೈಲ್‌ನಲ್ಲಿ ತೆಗೆದ ಫೋಟೊವನ್ನು ನಂಬಿ ಮನೆಯಲ್ಲಿ ಪ್ರತಿಕ್ರಿಯೆ ಬರೆಯುವುದು ಅಪಾಯಕರ. ಗಾತ್ರವೂ ಮೇಲ್ಮೈಯ ಏರುತಗ್ಗೂ ಅದರಲ್ಲಿ ಉಳಿಯುವುದಿಲ್ಲ, ಗಾಢ ನೀಲಿ ಮತ್ತು ಕೆಂಪುಗಳು ಸಾಮಾನ್ಯವಾಗಿ ಬೇರೆಯೇ ಆಗಿಬಿಡುತ್ತವೆ. ಅಲ್ಲಿಯೇ ನಿಂತು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಉತ್ತಮ.

ಈಗ ವಿವರಪಟ್ಟಿಯನ್ನು ಓದಿ. ಅಲ್ಲಿರುವ ಮಾಧ್ಯಮದ, ಅಂದರೆ ಬಳಸಿದ ಬಣ್ಣದ ಬಗೆಯ, ಹೆಸರು ಕೇವಲ ಮಾಹಿತಿಯಲ್ಲ, ಚಿತ್ರ ಹೇಗೆ ಆಯಿತೆಂಬುದರ ಸುಳಿವು. ತೈಲವರ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಆದ್ದರಿಂದ ಕಲಾವಿದರು ದಿನಗಟ್ಟಲೆ ಹಸಿಬಣ್ಣದ ಮೇಲೆಯೇ ಕೆಲಸ ಮಾಡಿ ಅಂಚುಗಳನ್ನು ಒಂದರಲ್ಲೊಂದು ಕರಗಿಸಬಹುದು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ. ಅದೇ ದಿನ ಪದರದ ಮೇಲೆ ಪದರ ಏರಿಸುವುದೂ ಚೂಪಾದ ಅಂಚು ಕೂರಿಸುವುದೂ ಅದರಲ್ಲಿ ಸುಲಭ. ಹೀಗಿರುವಾಗ ಅಕ್ರಿಲಿಕ್ ಚಿತ್ರವೊಂದರಲ್ಲಿ ನೀಲಿ ಬಣ್ಣ ಗಡಿಯೇ ಕಾಣದಂತೆ ಬೂದು ಬಣ್ಣಕ್ಕೆ ಇಳಿದಿದ್ದರೆ, ಅದು ಮಾಧ್ಯಮದ ಸ್ವಭಾವಕ್ಕೆ ಎದುರಾಗಿ ಬೇಕೆಂದೇ ಮಾಡಿದ ಕೆಲಸವೆಂದು ಗುರುತಿಸಬಹುದು. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಎಂದರೆ ಬಹುಮಟ್ಟಿಗೆ ಬಣ್ಣ ಹಚ್ಚದೆ ಉಳಿಸಿದ ಕಾಗದವೇ. ಎಲ್ಲಿ ಉಳಿಸಬೇಕೆಂದು ಮೊದಲೇ ತೀರ್ಮಾನಿಸದಿದ್ದರೆ ಆಮೇಲೆ ಅದನ್ನು ಮರಳಿ ಪಡೆಯುವುದು ಕಷ್ಟ. ಇಂಥ ಒಂದು ಸಂಗತಿಯನ್ನು ಗುರುತಿಸಿ ಹೇಳಿದರೆ ಕಲಾವಿದರ ಮುಖ ಅರಳುವುದನ್ನು ನೀವೇ ಕಾಣುವಿರಿ.

ವರ್ಣನೆ ಮೊದಲು, ತೀರ್ಪು ಆಮೇಲೆ

ಅಮೆರಿಕದ ಕಲಾಶಿಕ್ಷಣತಜ್ಞ ಎಡ್ಮಂಡ್ ಬರ್ಕ್ ಫೆಲ್ಡ್‌ಮನ್ ಅವರು ವಿಮರ್ಶೆಗೆ ನಾಲ್ಕು ಹಂತಗಳನ್ನು ಸೂಚಿಸಿದ್ದಾರೆ: ವರ್ಣನೆ, ವಿಶ್ಲೇಷಣೆ, ಅರ್ಥವಿವರಣೆ, ಮೌಲ್ಯನಿರ್ಣಯ. ಶಾಲೆಯ ಪಾಠದಂತೆ ಕೇಳಿಸಿದರೂ ಈ ಅನುಕ್ರಮದಲ್ಲಿ ಹುರುಳಿದೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕನೆಯದರಿಂದ ಆರಂಭಿಸಿ ಅಲ್ಲಿಯೇ ಮುಗಿಸುತ್ತೇವೆ. ‘ಈ ಚಿತ್ರದಲ್ಲಿ ಏಕಾಂತದ ಭಾವ ಅದ್ಭುತವಾಗಿ ಮೂಡಿದೆ’ ಎಂಬ ವಾಕ್ಯವನ್ನು ನೋಡಿ. ಅದರಲ್ಲಿ ಚಿತ್ರವೇ ಇಲ್ಲ. ‘ಉದ್ದನೆಯ ಕಂದು ಬಯಲಿನ ಬಲತುದಿಯಲ್ಲಿ ಬೆರಳಿನಷ್ಟು ಚಿಕ್ಕ ಆಕೃತಿಯೊಂದಿದೆ, ಉಳಿದ ಜಾಗವನ್ನೆಲ್ಲ ಖಾಲಿ ಬಿಟ್ಟಿರುವುದರಿಂದ ಆ ಆಕೃತಿ ಚಿತ್ರದಿಂದ ಹೊರಗೆ ನಡೆದುಹೋಗುತ್ತಿದೆಯೇನೋ ಎನಿಸುತ್ತದೆ’ ಎಂದು ಬರೆದರೆ, ಏಕಾಂತ ಎಂಬ ಪದವನ್ನು ಬಳಸದೆಯೇ ಓದುಗರಿಗೆ ಅದು ತಲುಪುತ್ತದೆ, ಜೊತೆಗೆ ಆ ಭಾವ ಚಿತ್ರದ ಯಾವ ಭಾಗದಿಂದ ಹುಟ್ಟಿತೆಂಬುದು ಕಲಾವಿದರಿಗೂ ತಿಳಿಯುತ್ತದೆ.

ಹೀಗೆ ಬರೆಯುವಾಗ ನಿಮ್ಮ ಕಣ್ಣು ಏನನ್ನು ಹುಡುಕುವ ಸ್ವಭಾವದ್ದು ಎಂಬುದನ್ನೂ ಗಮನಿಸಿ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯನ್ನು ಕುರಿತ ಭಾಗವಾದ ಚಿತ್ರಸೂತ್ರದಲ್ಲಿ ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ಬಲ್ಲವರು ಛಾಯೆಯ ಹದವನ್ನು ಮೆಚ್ಚುತ್ತಾರೆ, ಸ್ತ್ರೀಯರು ಆಭರಣವನ್ನು ಬಯಸುತ್ತಾರೆ, ಉಳಿದ ಜನರಿಗೆ ಬಣ್ಣದ ಸಮೃದ್ಧಿ ಬೇಕು ಎಂಬ ಅರ್ಥದ ಶ್ಲೋಕವೊಂದಿದೆ. ಸ್ತ್ರೀಯರ ಕುರಿತ ಮಾತನ್ನು ಆ ಕಾಲಕ್ಕೇ ಬಿಟ್ಟುಬಿಡೋಣ. ಆದರೆ ಒಂದೇ ಚಿತ್ರದಲ್ಲಿ ಬೇರೆಬೇರೆಯವರು ಬೇರೆಬೇರೆಯದನ್ನು ಅರಸುತ್ತಾರೆಂಬ ಅರಿವು ಇಂದಿಗೂ ಉಪಯುಕ್ತ. ನೀವು ಯಾವಾಗಲೂ ಬಣ್ಣದ ಬಗ್ಗೆಯೇ ಮಾತನಾಡುವವರಾಗಿದ್ದರೆ, ಈ ಸಲ ಬೇಕೆಂದೇ ಗೆರೆಯ ಬಗ್ಗೆ ಎರಡು ವಾಕ್ಯ ಬರೆದು ನೋಡಿ.

ಅಮೂರ್ತ ಚಿತ್ರಗಳ ಮುಂದೆ ಎದುರಾಗುವ ತೊಡಕು ಬೇರೆ. ಅಲ್ಲಿ ಬೆಟ್ಟ, ಹಕ್ಕಿ, ಮುಖ ಹುಡುಕುವುದು ಮೋಡದಲ್ಲಿ ಆನೆ ಕಂಡಂತೆ: ಆಟವಾಗಿ ಸರಿ, ಪ್ರತಿಕ್ರಿಯೆಯಾಗಿ ಸಾಲದು. ಭಾರತದ ಚಿತ್ರಕಲಾವಿದ ವಾಸುದೇವ ಗಾಯತೊಂಡೆ (1924–2001) ಅವರು ತಮ್ಮ ಕೆಲಸವನ್ನು ಅಮೂರ್ತವೆಂದು ಕರೆಯುವುದನ್ನೂ ಒಪ್ಪದೆ, ವಸ್ತುವನ್ನು ಆಧರಿಸದ ಚಿತ್ರವೆಂದೇ ಹೇಳಬಯಸಿದವರು. ರೋಲರ್ ಮತ್ತು ಚಾಕು ಬಳಸಿ ಬಣ್ಣವನ್ನು ಪದರ ಪದರವಾಗಿ ಏರಿಸುವುದೂ ತೆಗೆಯುವುದೂ ಅವರ ರೀತಿಯಾಗಿತ್ತು. ಅಂಥ ಚಿತ್ರದ ಮುಂದೆ ‘ಇದು ಏನು’ ಎನ್ನುವುದಕ್ಕಿಂತ ‘ಇಲ್ಲಿ ಏನು ನಡೆಯುತ್ತಿದೆ’ ಎಂದು ಕೇಳಿಕೊಳ್ಳುವುದು ಫಲ ಕೊಡುತ್ತದೆ. ಯಾವ ಬಣ್ಣ ಮುಂದೆ ಬರುತ್ತಿದೆ, ಯಾವುದು ಹಿಂದೆ ಸರಿಯುತ್ತಿದೆ, ಯಾವ ಆಕಾರ ಮತ್ತೆ ಮತ್ತೆ ಬಂದು ಒಂದು ಕಡೆ ಮಾತ್ರ ಮುರಿಯುತ್ತಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಕ್ಯಾನ್ವಾಸಿನ ಮೇಲೆಯೇ ಇರುತ್ತದೆ. ಏನೂ ಅರ್ಥವಾಗದಿದ್ದರೆ ಹಾಗೆಂದೇ ಬರೆಯಬಹುದು, ಆದರೆ ಎಲ್ಲಿಯವರೆಗೆ ಹಿಂಬಾಲಿಸಿದಿರಿ, ಎಲ್ಲಿ ಎಳೆ ತಪ್ಪಿತು ಎಂಬುದನ್ನೂ ಸೇರಿಸಿ.

ಕಲಾವಿದರು ಎದುರಿಗೇ ಇದ್ದಾಗ

ಕಲಾವಿದರೊಂದಿಗೆ ಮಾತಿಗೆ ನಿಲ್ಲುವಾಗ ‘ಇದರ ಅರ್ಥವೇನು’ ಎಂಬ ಪ್ರಶ್ನೆಯಿಂದ ಆರಂಭಿಸದಿರುವುದು ಲೇಸು. ಅದು ಅವರನ್ನು ಪರೀಕ್ಷೆಗೆ ಕೂರಿಸುತ್ತದೆ, ನಿಮ್ಮ ನೋಟವನ್ನೂ ಅವರ ಉತ್ತರಕ್ಕೆ ಕಟ್ಟಿಹಾಕುತ್ತದೆ. ‘ಇದಕ್ಕೆ ಎಷ್ಟು ದಿನ ಹಿಡಿಯಿತು’ ಎಂಬುದು ಇನ್ನೊಂದು ಸವಕಲು ಪ್ರಶ್ನೆ. 1877ರಲ್ಲಿ ಲಂಡನ್ನಿನಲ್ಲಿ ಚಿತ್ರಕಲಾವಿದ ಜೇಮ್ಸ್ ವಿಸ್ಲರ್ ಅವರು ರಾತ್ರಿಯ ಬಾಣಬಿರುಸಿನ ಚಿತ್ರವೊಂದನ್ನು ಪ್ರದರ್ಶಿಸಿದಾಗ, ವಿಮರ್ಶಕ ಜಾನ್ ರಸ್ಕಿನ್ ಅವರು ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಿ ಇನ್ನೂರು ಗಿನಿ (ಆಗಿನ ಬ್ರಿಟಿಷ್ ಹಣ) ಕೇಳುತ್ತಾರೆಂದು ಹಳಿದರು. ಮರುವರ್ಷ ನಡೆದ ಮಾನಹಾನಿ ಮೊಕದ್ದಮೆಯಲ್ಲಿ ಎದುರು ವಕೀಲರು ಕೆಲವೇ ದಿನಗಳ ಕೆಲಸಕ್ಕೆ ಅಷ್ಟು ಹಣವೇ ಎಂದು ಕೆಣಕಿದಾಗ, ತಾವು ಕೇಳುತ್ತಿರುವುದು ಇಡೀ ಬದುಕಿನಲ್ಲಿ ಗಳಿಸಿದ ಅರಿವಿಗೆ ಬೆಲೆ ಎಂಬರ್ಥದ ಉತ್ತರವನ್ನು ವಿಸ್ಲರ್ ಕೊಟ್ಟರು. ಮೊಕದ್ದಮೆಯನ್ನು ಅವರು ಗೆದ್ದರೂ ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ; 1879ರಲ್ಲಿ ಅವರು ದಿವಾಳಿಯಾದರು. ರಸ್ಕಿನ್ ಸಾಮಾನ್ಯ ವಿಮರ್ಶಕರಾಗಿರಲಿಲ್ಲ, ನೋಡುವ ಕಲೆಯನ್ನು ಒಂದು ತಲೆಮಾರಿಗೇ ಕಲಿಸಿದವರು. ಆದರೂ ಆ ಸಾಲಿನಲ್ಲಿ ಚಿತ್ರದ ವರ್ಣನೆ ಎಳ್ಳಷ್ಟೂ ಇರಲಿಲ್ಲ.

ಕೇಳಬೇಕಾದ ಪ್ರಶ್ನೆಗಳು ನಿರ್ದಿಷ್ಟವಾಗಿರಲಿ. ‘ಈ ಸರಣಿಯಲ್ಲಿ ಮೊದಲು ಬರೆದದ್ದು ಯಾವುದು’, ‘ಈ ಹಳದಿ ಪಟ್ಟಿಯನ್ನು ಆರಂಭದಲ್ಲಿ ಹಾಕಿದಿರೋ ಕೊನೆಯಲ್ಲೋ’, ‘ಯಾವ ಚಿತ್ರವನ್ನು ಇಲ್ಲಿ ಇಡಬಾರದೆಂದು ತೀರ್ಮಾನಿಸಿದಿರಿ’ ಎಂದು ಕೇಳಿದರೆ ಅವರು ಬಾಯಿಪಾಠದ ಉತ್ತರ ಬಿಟ್ಟು ಯೋಚಿಸತೊಡಗುತ್ತಾರೆ. ಉದ್ಘಾಟನೆಯ ದಿನದ ಗದ್ದಲದಲ್ಲಿ ಇದು ಸಾಧ್ಯವಾಗುವುದು ಅಪರೂಪ. ಜನ ಕಡಿಮೆಯಿರುವ ಹೊತ್ತಿನಲ್ಲಿ ಹೋಗಿ. ಬೆಲೆಯ ಮಾತು ಕೊಳ್ಳುವ ಉದ್ದೇಶವಿದ್ದರೆ ಮಾತ್ರ. ಅಭಿಪ್ರಾಯ ಪುಸ್ತಕದಲ್ಲಿ ಬರೆಯುವುದಾದರೆ ಒಂದೇ ಚಿತ್ರದ ಹೆಸರು ಹೇಳಿ, ಅದರಲ್ಲಿ ಕಂಡ ಒಂದೇ ಸಂಗತಿಯನ್ನು ಬರೆದರೆ ಸಾಕು.

ಕೊರತೆಯನ್ನು ಬರೆಯುವುದು

ಪ್ರಕಟಣೆಗೆಂದು ದೀರ್ಘ ಲೇಖನ ಬರೆಯುವವರಿಗೆ ಅತ್ಯಂತ ಕಷ್ಟವಾಗುವುದು ಇಲ್ಲಿ. ಕಲಾವಿದರು ನಾಳೆ ಎದುರು ಸಿಗುವವರು ಎಂಬ ಕಾರಣಕ್ಕೆ ಕೊರತೆಗಳನ್ನು ನುಂಗಿಕೊಂಡರೆ ಮೆಚ್ಚುಗೆಯೂ ಹಗುರವಾಗುತ್ತದೆ. ಅವರೊಂದಿಗೆ ಸ್ನೇಹವೋ ನಂಟೋ ಇದ್ದರೆ ಲೇಖನದಲ್ಲಿಯೇ ಒಂದು ವಾಕ್ಯದಲ್ಲಿ ತಿಳಿಸಿಬಿಡಿ, ಓದುಗರು ತಾವೇ ತೂಗಿಕೊಳ್ಳುತ್ತಾರೆ. ಆಕ್ಷೇಪವನ್ನು ವ್ಯಕ್ತಿಯ ಮೇಲೆ ಹೇರದೆ ಕೃತಿಯ ಮೇಲೆ ಇಡಿ, ಅದಕ್ಕೂ ವರ್ಣನೆಯ ಆಧಾರ ಕೊಡಿ. ‘ಕೊನೆಯ ನಾಲ್ಕು ಚಿತ್ರಗಳಲ್ಲಿ ಅದೇ ಕಿಟಕಿಯೂ ಅದೇ ಬೆಳಕೂ ಬದಲಾವಣೆಯಿಲ್ಲದೆ ಬಂದಿರುವುದರಿಂದ, ಮೊದಲ ಚಿತ್ರದಲ್ಲಿದ್ದ ಬೆರಗು ಅಲ್ಲಿಗೆ ತಲುಪುವಷ್ಟರಲ್ಲಿ ತೆಳುವಾಗಿದೆ’ ಎಂಬ ಮಾತಿನಿಂದ ಕಲಾವಿದರಿಗೆ ನೋವಾದೀತು. ಆದರೆ ಅವರು ಗೋಡೆಯ ಬಳಿ ಹೋಗಿ ಅದನ್ನು ಪರೀಕ್ಷಿಸಿ ನೋಡಬಹುದು, ಒಪ್ಪದಿದ್ದರೆ ವಾದಿಸಲೂಬಹುದು. ‘ಸ್ವಂತಿಕೆ ಸಾಲದು’ ಎಂಬ ಮಾತಿಗೆ ಅಂಥ ಅವಕಾಶವಿಲ್ಲ. ಹಾಗೆಯೇ ಪ್ರಸಿದ್ಧರೊಬ್ಬರ ಹೆಸರು ತಂದು ‘ಇವರ ಪ್ರಭಾವ ಎದ್ದು ಕಾಣುತ್ತದೆ’ ಎಂದು ಬರೆಯುವ ಚಾಳಿಯನ್ನು, ನಿರ್ದಿಷ್ಟ ಹೋಲಿಕೆಯನ್ನು ತೋರಿಸಲು ಸಾಧ್ಯವಾಗದಿದ್ದರೆ, ಬಿಡುವುದೇ ವಾಸಿ. ನನ್ನ ದೃಷ್ಟಿಯಲ್ಲಿ ಇಂಥ ಸಾಲುಗಳಲ್ಲಿ ಹೆಚ್ಚಿನವು ಬರೆಯುವವರ ಓದನ್ನು ತೋರಿಸಲಷ್ಟೇ ಇರುತ್ತವೆ.

ಲೇಖನದಲ್ಲಿ ಎಲ್ಲ ಚಿತ್ರಗಳನ್ನೂ ಹೆಸರಿಸಲು ಹೋಗಬೇಡಿ. ಮೂರು ನಾಲ್ಕನ್ನು ಆಳವಾಗಿ ಹೇಳಿ, ಅವುಗಳ ಮೂಲಕ ಇಡೀ ಪ್ರದರ್ಶನದ ದಾರಿ ತೋರಿಸಿ. ಚಿತ್ರಗಳನ್ನು ತೂಗುಹಾಕಿದ ಕ್ರಮ, ಬೆಳಕಿನ ವ್ಯವಸ್ಥೆ ಇವು ನೋಟಕ್ಕೆ ನೆರವಾದವೋ ಅಡ್ಡಿಯಾದವೋ ಎಂಬುದಕ್ಕೂ ಒಂದೆರಡು ಸಾಲು ಮೀಸಲಿಡಿ. ಕಲಾವಿದರ ಹೆಸರಿನ ಕಾಗುಣಿತ, ಚಿತ್ರಗಳ ಶೀರ್ಷಿಕೆ, ಮಾಧ್ಯಮ, ವರ್ಷ, ಪ್ರದರ್ಶನ ಮುಗಿಯುವ ದಿನಾಂಕ ಇವನ್ನು ವಿವರಪಟ್ಟಿಯೊಂದಿಗೆ ಇನ್ನೊಮ್ಮೆ ತಾಳೆ ನೋಡಿ. ಚಿತ್ರಗಳ ಫೋಟೊ ಬಳಸುವ ಮೊದಲು ಕಲಾವಿದರ ಅನುಮತಿ ಪಡೆಯಿರಿ, ಫೋಟೊವನ್ನು ಕತ್ತರಿಸದೆ ಪೂರ್ತಿಯಾಗಿ ಹಾಕಿ, ಕೆಳಗೆ ಅವರ ಹೆಸರು ಕೊಡಿ. ಪ್ರದರ್ಶನ ಮುಗಿಯುವುದಕ್ಕೆ ಮೊದಲೇ ಲೇಖನ ಹೊರಬಂದರೆ, ಅದನ್ನು ಓದಿದವರು ಹೋಗಿ ನಿಮ್ಮ ಮಾತನ್ನು ಚಿತ್ರದ ಮುಂದೆಯೇ ಪರೀಕ್ಷಿಸಬಹುದು.