ವ್ಯಾಯಾಮ ವಾರಕ್ಕೆ ಎರಡೇ ದಿನ ಸಾಕು, ಎತ್ತುವ ಭಾರ ಮಾತ್ರ ಇಳಿಸಬೇಡಿ

ನಮ್ಮ ಆಫೀಸಿನಲ್ಲಿ ನೀರಿನ ಕ್ಯಾನ್ ಬದಲಿಸುವುದು ಇಂಥವರದೇ ಕೆಲಸ ಅಂತಿಲ್ಲ. ಖಾಲಿಯಾದಾಗ ಯಾರು ಲೋಟ ಹಿಡಿದು ನಿಂತಿರುತ್ತಾರೋ ಅವರೇ ಎತ್ತಿಡಬೇಕು. 20 ಲೀಟರ್ ಅಂದರೆ 20 ಕೆ.ಜಿ. ಮೊದಲು ಮಂಡಿಯ ಮೇಲೆ ತಂದುಕೊಂಡು, ತಬ್ಬಿ ಎದೆ ಮಟ್ಟಕ್ಕೆ ಎತ್ತಿ, ಒಂದೇ ಏಟಿಗೆ ಬೋರಲು ಹಾಕಬೇಕು. ನಾಲ್ಕು ವರ್ಷದ ಹಿಂದೆ, ಸೆಪ್ಟೆಂಬರ್ ಕೊನೆಯ ವಾರ, ಕ್ಯಾನ್ ನನ್ನ ಮಂಡಿವರೆಗೆ ಬಂತು. ಅಲ್ಲಿಂದ ಮೇಲೆ ಬರಲಿಲ್ಲ. ಕ್ಯಾನಿನ ಒದ್ದೆ ಕುತ್ತಿಗೆ ಕೈಜಾರಿ ಅರ್ಧ ನೀರು ನನ್ನ ಪ್ಯಾಂಟಿಗೆ, ಇನ್ನರ್ಧ ಯಾರದೋ ವೋಚರ್ ಕಟ್ಟಿಗೆ ಅಭಿಷೇಕವಾಯಿತು. "ಬಿಡಿ ಸಾರ್, ನಿಮಗ್ಯಾಕೆ ಇದೆಲ್ಲ" ಅಂತ ಓಡಿ ಬಂದು ಇನ್ನೊಂದು ಕ್ಯಾನ್ ಎತ್ತಿಟ್ಟ ನಮ್ಮ ಅಟೆಂಡರ್‌ಗೆ ಆಗ 56 ವರ್ಷ. ನನಗೆ 41.

ನಾನಿರುವುದು ಆಡಿಟ್ ಕಚೇರಿಯಲ್ಲಿ. ನಮಗೆ ಹಬ್ಬ ಹುಣ್ಣಿಮೆ ಗೊತ್ತಾಗುವುದಿಲ್ಲ, ತೆರಿಗೆ ಲೆಕ್ಕ ಸಲ್ಲಿಸುವ ಡ್ಯೂ ಡೇಟ್ ಗೊತ್ತಾಗುತ್ತದೆ. ತಿಂಗಳ 11, ತಿಂಗಳ 20, ಜುಲೈ 31, ಸೆಪ್ಟೆಂಬರ್ 30. ಆ ವರ್ಷ ಏಪ್ರಿಲ್‌ನಲ್ಲಿ ಜಿಮ್‌ಗೆ ವರ್ಷದ ಫೀಸು ಒಟ್ಟಿಗೇ ಕಟ್ಟಿದ್ದೆ. ವಾರಕ್ಕೆ ಆರು ದಿನ, ಒಂದು ದಿನ ಎದೆ, ಒಂದು ದಿನ ಬೆನ್ನು, ಒಂದು ದಿನ ಕಾಲು ಅಂತ ಚಾರ್ಟ್ ಬೇರೆ. ಜುಲೈನಲ್ಲಿ ಆರು ಹೋಗಿ ಮೂರಾಯಿತು. ಆಗಸ್ಟ್‌ನಲ್ಲಿ ಒಂದು. ಸೆಪ್ಟೆಂಬರ್‌ನಲ್ಲಿ ಟ್ರೇನರ್ ಕಣ್ಣಿಗೆ ಬೀಳಬಾರದು ಅಂತ ಎದುರು ಫುಟ್‌ಪಾತ್‌ನಲ್ಲಿ ನಡೆಯುತ್ತಿದ್ದೆ.

ತಪ್ಪಾಗಿದ್ದು ಆ ಚಾರ್ಟ್‌ನಲ್ಲಿ. ಅದು ಮೈ ಬೆಳೆಸುವವರ ಚಾರ್ಟ್. ನನಗೆ ಬೇಕಿದ್ದುದು ಇರುವ ಕಸುವನ್ನು ಉಳಿಸಿಕೊಳ್ಳುವ ದಾರಿ. ಇವೆರಡಕ್ಕೆ ಬೇಕಾದ ಸಮಯದಲ್ಲಿ ಅಜಗಜಾಂತರ.

2011ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಮೊದಲ 16 ವಾರ ಎಲ್ಲರಿಗೂ ವಾರಕ್ಕೆ 3 ದಿನ ಕಾಲಿನ ಭಾರದ ವ್ಯಾಯಾಮ. ಆಮೇಲೆ 32 ವಾರ ಕೆಲವರಿಗೆ ಪೂರ್ತಿ ರಜೆ, ಉಳಿದವರಿಗೆ ವಾರಕ್ಕೆ ಒಂದೇ ದಿನ. ಒಂದು ಗುಂಪಿಗಂತೂ ಮೊದಲು ಮಾಡುತ್ತಿದ್ದುದರ ಒಂಬತ್ತನೇ ಒಂದು ಪಾಲು ಮಾತ್ರ, ಅಂದರೆ ವಾರಕ್ಕೊಮ್ಮೆ ಒಂದೊಂದೇ ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು). ಅಷ್ಟರಲ್ಲೇ ಶಕ್ತಿ ಬಹುಪಾಲು ಉಳಿಯಿತು. 20ರಿಂದ 35 ವಯಸ್ಸಿನವರಲ್ಲಿ ಸ್ನಾಯುವಿನ ಗಾತ್ರವೂ ಉಳಿಯಿತು. 60 ದಾಟಿದವರಲ್ಲಿ ಗಾತ್ರ ಮಾತ್ರ ಕರಗಿತು, ವಯಸ್ಸಾದವರಿಗೆ ಇನ್ನಷ್ಟು ಬೇಕು. ಗಮನಿಸಬೇಕಾದ್ದು ಏನೆಂದರೆ, ಕಡಿಮೆ ಮಾಡಿದ್ದು ದಿನಗಳನ್ನು, ಸೆಟ್‌ಗಳನ್ನು. ಭಾರವನ್ನಲ್ಲ.

ನಾವು ಮಾಡುವುದು ಉಲ್ಟಾ. ಟೈಮ್ ಇಲ್ಲದಾಗ ಹಗುರ ಡಂಬೆಲ್ ಹಿಡಿದು ದಿನಾ ಹತ್ತು ನಿಮಿಷ ಕೈ ಆಡಿಸುತ್ತೇವೆ. ಸುಮ್ನೆ ಸಮಾಧಾನಕ್ಕೆ.

1. ಮೊದಲು ಕ್ಯಾಲೆಂಡರ್ ತೆಗೆಯಿರಿ

ಶೂ ಆಮೇಲೆ ತೆಗೆದುಕೊಂಡರಾಯಿತು. ವರ್ಷದ ಯಾವ ಯಾವ ವಾರ ನಿಮ್ಮ ಕೈಯಲ್ಲಿರುವುದಿಲ್ಲ ಅಂತ ನಿಮಗೆ ಈಗಲೇ ಗೊತ್ತಿರುತ್ತದೆ. ಬ್ಯಾಂಕಿನವರಿಗೆ ಮಾರ್ಚ್, ಮೇಷ್ಟ್ರುಗಳಿಗೆ ಪರೀಕ್ಷೆ, ಸಾಫ್ಟ್‌ವೇರ್‌ನವರಿಗೆ ರಿಲೀಸ್. ಆ ವಾರಗಳಿಗೆ ಕೆಂಪು ಗೆರೆ ಹಾಕಿ. ಉಳಿದ ವಾರಗಳಲ್ಲಿ ಎರಡು ದಿನ, ತಲಾ 40 ನಿಮಿಷ. ಕೆಂಪು ವಾರದಲ್ಲಿ ಒಂದೇ ದಿನ, 20 ನಿಮಿಷ.

ಎರಡು ದಿನ ಪಕ್ಕಪಕ್ಕ ಬೇಡ. ನನ್ನದು ಭಾನುವಾರ ಮತ್ತು ಬುಧವಾರ, ಎರಡೂ ಬೆಳಿಗ್ಗೆಯೇ. ಸಂಜೆ ಮಾಡ್ತೀನಿ ಅಂದುಕೊಂಡಿದ್ದು ಒಂದು ದಿನವೂ ಆಗಲಿಲ್ಲ. ಸಂಜೆ ನಮ್ಮದಲ್ಲ, ಕ್ಲೈಂಟಿನದು.

2. ಐದೇ ಐದು ಚಲನೆ

ಕೂತು ಏಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು. ಇಷ್ಟರಲ್ಲಿ ಮೈಯ ದೊಡ್ಡ ಸ್ನಾಯುಗಳೆಲ್ಲ ಬಂದುಬಿಡುತ್ತವೆ. ರಟ್ಟೆಗೇ ಬೇರೆ, ಭುಜಕ್ಕೇ ಬೇರೆ ಅಂತ ಮಾಡುವುದು ಬಿಡುವಿರುವವರ ಬಾಬತ್ತು. ಮೈಸೂರಿನ ಗರಡಿಗಳಲ್ಲೂ ಬುನಾದಿ ಬಸ್ಕಿ ಮತ್ತು ದಂಡವೇ. ಗದೆ ತಿರುಗಿಸುವುದು ಅದರ ಮೇಲೆ.

ಜಿಮ್ ಹತ್ತಿರವಿದ್ದರೆ ಅಲ್ಲಿಯೇ ಮಾಡಿ. ಇಲ್ಲದಿದ್ದರೆ ಗಟ್ಟಿ ಹೊಲಿಗೆಯ ಹಳೇ ಲ್ಯಾಪ್‌ಟಾಪ್ ಬ್ಯಾಗ್ ಸಾಕು. ಅದರೊಳಗೆ 5 ಕೆ.ಜಿ.ಯ ಎರಡು ಅಕ್ಕಿ ಪ್ಯಾಕೆಟ್ ಇಟ್ಟರೆ ಅದೇ ನಿಮ್ಮ ಡಂಬೆಲ್.

ಬಸ್ಕಿ ಅಂದರೆ ನಮ್ಮ ತಲೆಮಾರಿಗೆ ಮೇಷ್ಟ್ರ ಶಿಕ್ಷೆಯೇ ನೆನಪು. ಇಲ್ಲಿ ಕಿವಿ ಹಿಡಿಯಬೇಕಿಲ್ಲ. ಬ್ಯಾಗನ್ನು ಎದೆಗೆ ತಬ್ಬಿಕೊಂಡು, ಹಿಂದೆ ಒಂದು ಕುರ್ಚಿ ಇಟ್ಟುಕೊಂಡು, ಅದರ ಅಂಚಿಗೆ ಮೈ ತಾಗುವವರೆಗೆ ಇಳಿದು ಏಳಿ. ಇಳಿಯುವಾಗ ಮನಸ್ಸಲ್ಲೇ ಮೂರು ಎಣಿಸಿ. ಧಡಕ್ಕನೆ ಬೀಳಬೇಡಿ.

ಬಗ್ಗಿ ಎತ್ತುವುದನ್ನು ಬಹಳ ಜನ ತಪ್ಪು ಮಾಡುತ್ತಾರೆ. ನಾನೂ ವರ್ಷಗಟ್ಟಲೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಎತ್ತುತ್ತಿದ್ದೆ. ಎರಡೂ ಕೈಯಲ್ಲಿ ತರಕಾರಿ ಚೀಲ ಇದ್ದಾಗ ಬಾಗಿಲನ್ನು ಹಿಂಭಾಗದಿಂದ ದೂಡಿ ಮುಚ್ಚುತ್ತೇವಲ್ಲ, ಆ ಚಲನೆಯೇ ಇದು. ಮಂಡಿ ಸ್ವಲ್ಪವೇ ಮಡಚಿ, ಸೊಂಟವನ್ನು ಹಿಂದಕ್ಕೆ ದೂಡಿ, ಬೆನ್ನು ಹಲಗೆಯಂತೆ ನೆಟ್ಟಗಿರಲಿ. ತೊಡೆಯ ಹಿಂಭಾಗದಲ್ಲಿ ಸೆಳೆತ ಗೊತ್ತಾಗಬೇಕು. ಸೊಂಟದಲ್ಲಿ ನೋವು ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ, ಭಾರ ಕಡಿಮೆ ಮಾಡಿ.

ತಳ್ಳುವುದಕ್ಕೆ ಪುಷ್-ಅಪ್. ನೆಲದ ಮೇಲೆ ಆಗದಿದ್ದರೆ ಅಡುಗೆಮನೆ ಕಟ್ಟೆಗೆ ಕೈಯೂರಿ ಶುರು ಮಾಡಿ. ಎಳೆಯುವುದಕ್ಕೆ ಒಂದು ಕೈ ಮಂಚದ ಮೇಲೆ ಊರಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಸೊಂಟದ ಕಡೆಗೆ ಎಳೆಯಿರಿ. ಹೊತ್ತು ನಡೆಯುವುದಂತೂ ಎರಡೂ ಕೈಯಲ್ಲಿ ತೂಕದ ಚೀಲ ಹಿಡಿದು ಹಾಲ್‌ನಿಂದ ಬಾಲ್ಕನಿಗೆ ಹತ್ತು ಸಲ ಓಡಾಡಿದರೆ ಆಯಿತು. ಮನೆಯವರು ನಗುತ್ತಾರೆ, ನಗಲಿ.

3. ಎಷ್ಟು ಕಷ್ಟವಾಗಬೇಕು?

ಒಂದೊಂದಕ್ಕೆ 2ರಿಂದ 3 ಸೆಟ್, ಸೆಟ್‌ಗೆ 8ರಿಂದ 12 ಸಲ. ಸೆಟ್ ಮುಗಿಸಿದಾಗ "ಇನ್ನು ಎರಡು ಮಾಡಬಹುದಿತ್ತು, ಮೂರನೆಯದು ಆಗುತ್ತಿರಲಿಲ್ಲ" ಅನ್ನಿಸಬೇಕು. ಇದೇ ಅಳತೆ. ಮುಗಿಸಿದ ಮೇಲೂ ಆರಾಮಾಗಿ ಫೋನಲ್ಲಿ ಮಾತಾಡಬಹುದು ಅನ್ನಿಸಿದರೆ ಭಾರ ಸಾಲದು. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ದಿನ ಬ್ಯಾಗಿಗೆ ಇನ್ನೊಂದು ಕೆ.ಜಿ. ತೊಗರಿಬೇಳೆ ಪ್ಯಾಕೆಟ್ ಸೇರಿಸಿ. ಒಂದು ಪುಟ್ಟ ಪುಸ್ತಕದಲ್ಲಿ ತಾರೀಖು, ಭಾರ, ಎಷ್ಟು ಸಲ ಅಂತ ಬರೆದಿಡಿ. ಲೆಕ್ಕದವನ ಚಟ ಅಂತ ಬೇಕಾದರೆ ಅಂದುಕೊಳ್ಳಿ, ಆದರೆ ಕಳೆದ ವಾರ ಎಷ್ಟು ಎತ್ತಿದ್ದೆ ಅನ್ನೋದು ಯಾರಿಗೂ ನೆನಪಿರುವುದಿಲ್ಲ.

ಶುರುವಿಗೆ 5 ನಿಮಿಷ ಖಾಲಿ ಕೈಯಲ್ಲಿ ಇದೇ ಚಲನೆಗಳನ್ನು ಮಾಡಿ ಮೈ ಬಿಸಿ ಮಾಡಿಕೊಳ್ಳಿ. ಎತ್ತುವಾಗ ಉಸಿರು ಕಟ್ಟಬೇಡಿ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರು ಮೊದಲು ಡಾಕ್ಟರನ್ನು ಕೇಳಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

4. ಡಬ್ಬಿಯಲ್ಲಿ ಏನಿದೆ?

ಎಲ್ಲರೂ ಸೋಲುವುದು ಇಲ್ಲಿ. ಮಾಮೂಲಿ ದಿನ ನಾನು ತಿನ್ನುವುದನ್ನೇ ಒಮ್ಮೆ ಕೂಡಿಸಿ ನೋಡಿದೆ. ಬೆಳಿಗ್ಗೆ ಮೂರು ಇಡ್ಲಿ ಚಟ್ನಿ, ಮಧ್ಯಾಹ್ನ ಅನ್ನ ಸಾಂಬಾರು ಪಲ್ಯ, ಎರಡು ಕಾಫಿ, ರಾತ್ರಿ ಮೂರು ಚಪಾತಿ. ಎಲ್ಲ ಸೇರಿ ಪ್ರೋಟೀನ್ 45 ಗ್ರಾಂ ಆಸುಪಾಸು. ಹೊಟ್ಟೆ ತುಂಬಿರುತ್ತದೆ, ಸ್ನಾಯುವಿಗೆ ಮಾತ್ರ ಅರೆಹೊಟ್ಟೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ, ದೇಹದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ. ಅದು ಸಾಮಾನ್ಯ ಜನರಿಗೆ. ಭಾರ ಎತ್ತುವವರಿಗೆ ಸಾಮಾನ್ಯವಾಗಿ 1.2ರಿಂದ 1.6 ಗ್ರಾಂ ಹೇಳುತ್ತಾರೆ. 65 ಕೆ.ಜಿ. ಇರುವವರಿಗೆ ಕನಿಷ್ಠ 78 ಗ್ರಾಂ ಆಯಿತು. ನನ್ನ ಲೆಕ್ಕದಲ್ಲಿ 33 ಗ್ರಾಂ ಖೋತಾ.

ತುಂಬಿಸುವುದು ಕಷ್ಟವಲ್ಲ. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, 12 ಗ್ರಾಂ. ಸಂಜೆ ಬಜ್ಜಿ ತರಿಸುವ ಹೊತ್ತಿಗೆ ಡ್ರಾಯರ್‌ನಿಂದ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, 30 ಗ್ರಾಂಗೆ 7. ಊಟದ ಕೊನೆಗೆ ಒಂದು ದೊಡ್ಡ ಬಟ್ಟಲು ಮೊಸರು, 6. ಒಣಗಿದ್ದಾಗ 40 ಗ್ರಾಂ ತೂಗುವ ಹುರುಳಿಕಾಳೋ ಅಲಸಂದೆಯೋ ಪಲ್ಯವಾಗಿ ಡಬ್ಬಿ ಸೇರಿದರೆ ಸುಮಾರು 9. ಒಟ್ಟು 34, ಲೆಕ್ಕ ಚುಕ್ತಾ. ಮೊಟ್ಟೆ ತಿನ್ನದವರಿಗೆ ಸೋಯಾ ಚಂಕ್ಸ್ ಇದೆ, ಒಣದು 25 ಗ್ರಾಂಗೇ 13 ಗ್ರಾಂ ಪ್ರೋಟೀನ್. ಕೋಳಿ, ಮೀನು ತಿನ್ನುವವರಿಗೆ ಇಷ್ಟೆಲ್ಲ ಗುಣಿಸುವ ಅಗತ್ಯವೇ ಇಲ್ಲ, 100 ಗ್ರಾಂ ಮೀನಿನಲ್ಲೇ 20 ಗ್ರಾಂ ಹತ್ತಿರ ಸಿಗುತ್ತದೆ.

ಒಂದು ಮಾತು ಬಸ್ಸಾರಿನ ಬಗ್ಗೆ. ನಮ್ಮಲ್ಲಿ ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಕಾಳಿನಲ್ಲಿ ಪಲ್ಯ. ಮುದ್ದೆಗೆ ಸಾರು ಸುರಿದುಕೊಂಡು ಎದ್ದುಹೋಗುವ ಗಂಡಸರು ಜಾಸ್ತಿ. "ಹುರುಳಿ ಕಟ್ಟಿನಲ್ಲಿ ಕುದುರೆ ಶಕ್ತಿ" ಅಂತ ಸಮರ್ಥನೆ ಬೇರೆ. ಪ್ರೋಟೀನ್ ಬಹುಪಾಲು ಉಳಿದಿರುವುದು ಕಾಳಿನಲ್ಲಿ. ಪಲ್ಯ ತಿನ್ನಿ. ಮುದ್ದೆಯೂ ಒಳ್ಳೆಯದೇ, ಕ್ಯಾಲ್ಸಿಯಂ ಭರ್ತಿ ಇದೆ, ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ 7 ಗ್ರಾಂ ಅಷ್ಟೇ.

ಪ್ರೋಟೀನ್ ಪೌಡರ್ ಬೇಕಾ? 2024ರ ಮಾರ್ಗಸೂಚಿಯಲ್ಲಿ ಇದೇ ಸಂಸ್ಥೆ ಮೈ ಬೆಳೆಸಲು ಪೌಡರ್ ಬೇಡ ಅಂದಿದೆ. ನನಗೂ ಅದರ ಅವಸರ ಬಿದ್ದಿಲ್ಲ. ಕಿಡ್ನಿ ತೊಂದರೆ ಇರುವವರು ಪೌಡರ್ ಇರಲಿ, ಕಾಳು ಮೊಟ್ಟೆ ಜಾಸ್ತಿ ಮಾಡುವುದಕ್ಕೂ ಮುಂಚೆ ಡಾಕ್ಟರ ಜೊತೆ ಮಾತಾಡಲೇಬೇಕು.

5. ನಡಿಗೆ ಬೇರೆ ಖಾತೆ

"ದಿನಾ ವಾಕಿಂಗ್ ಮಾಡ್ತೀನಲ್ಲ, ಸಾಕಲ್ವಾ?" ಸಾಲದು. ನಡಿಗೆ ಹೃದಯಕ್ಕೆ, ಉಸಿರಿಗೆ. ಅದರಿಂದ ರಟ್ಟೆ ಗಟ್ಟಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿದೆ: ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುವಿಗೆ ಕೆಲಸ.

ಈ 150 ನಿಮಿಷಕ್ಕೆ ಬೇರೆ ಸಮಯ ಎತ್ತಿಡಬೇಕಾಗಿಲ್ಲ. ನಾನು ವಿಜಯನಗರದಲ್ಲಿ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿಯುತ್ತೇನೆ. ಮನೆಯಿಂದ ಸ್ಟೇಷನ್, ಸ್ಟೇಷನ್‌ನಿಂದ ಆಫೀಸು, ವಾಪಸ್ಸು ಅದೇ, ಎಲ್ಲ ಸೇರಿ 30 ನಿಮಿಷ ಬಿರುಸಿನ ನಡಿಗೆ. ಐದು ದಿನಕ್ಕೆ 150. ಎಸ್ಕಲೇಟರ್ ಪಕ್ಕದ ಮೆಟ್ಟಿಲು ಸದಾ ಖಾಲಿಯೇ ಇರುತ್ತದೆ, ನೂಕುನುಗ್ಗಲಿನ ಬೆಂಗಳೂರಿನಲ್ಲಿ ಅದೂ ಒಂದು ಸುಖ.

6. ಐದಕ್ಕೆ ಏಳಬೇಡಿ

ರಾತ್ರಿ ಒಂದಕ್ಕೆ ಮಲಗಿ ಬೆಳಿಗ್ಗೆ ಐದಕ್ಕೆ ಜಿಮ್‌ಗೆ ಓಡುವವರನ್ನು ಶಿಸ್ತಿನ ಸಿಪಾಯಿ ಅಂತ ಹೊಗಳುತ್ತೇವೆ. ಚಿಕಾಗೊ ವಿಶ್ವವಿದ್ಯಾಲಯದವರ 2010ರ ಒಂದು ಪ್ರಯೋಗ ನೋಡಿ. ತೂಕ ಇಳಿಸಲು ಊಟ ಕಡಿಮೆ ಮಾಡಿದ್ದ 10 ಜನರನ್ನು 14 ದಿನ ರಾತ್ರಿ ಎಂಟೂವರೆ ಗಂಟೆ ಹಾಸಿಗೆಯಲ್ಲಿ ಬಿಟ್ಟರು, ಇನ್ನೊಂದು 14 ದಿನ ಐದೂವರೆ ಗಂಟೆ. ಊಟ ಎರಡೂ ಸಲ ಒಂದೇ. ತೂಕವೂ ಹೆಚ್ಚುಕಡಿಮೆ ಒಂದೇ ಅಷ್ಟು ಇಳಿಯಿತು. ಆದರೆ ನಿದ್ದೆಗೆಟ್ಟಾಗ ಕೊಬ್ಬು ಕರಗಿದ್ದು ಅರ್ಧಕ್ಕಿಂತ ಕಡಿಮೆ, ಸ್ನಾಯು ಸೇರಿದಂತೆ ಕೊಬ್ಬಲ್ಲದ ಪಾಲು ಹೋಗಿದ್ದು ಜಾಸ್ತಿ. ಚಿಕ್ಕ ಪ್ರಯೋಗವೇ, ಆದರೂ ನನ್ನ ನಿಯಮ ಇಷ್ಟು: ಹನ್ನೆರಡು ದಾಟಿ ಮಲಗಿದರೆ ಮರುದಿನ ವ್ಯಾಯಾಮ ಇಲ್ಲ, ಬುಧವಾರದ್ದಾದರೆ ಗುರುವಾರಕ್ಕೆ ಹೋಗುತ್ತದೆ. ಬುಧವಾರ ತಪ್ಪಿದರೆ ಗುರುವಾರ ಇದೆ ಅಂತ ಮೊದಲೇ ಬರೆದಿಟ್ಟಿರಬೇಕು, ಇಲ್ಲದಿದ್ದರೆ ತಪ್ಪಿದ್ದು ತಪ್ಪಿಯೇ ಹೋಗುತ್ತದೆ.

7. ಕೆಂಪು ವಾರ, ಮತ್ತು ವಾಪಸ್ಸು

ಕೆಂಪು ವಾರದಲ್ಲಿ ಮೂರೇ ಚಲನೆ: ಬಸ್ಕಿ, ಪುಷ್-ಅಪ್, ಬ್ಯಾಗ್ ಎಳೆಯುವುದು. ಎರಡೆರಡು ಸೆಟ್. ಭಾರ ಹಿಂದಿನ ವಾರದ್ದೇ. 20 ನಿಮಿಷಕ್ಕೆ ಮುಗಿದು ಸ್ನಾನಕ್ಕೆ ಹೋಗಬಹುದು. ಅದೂ ಆಗಲಿಲ್ಲವಾ, ಎರಡು ವಾರ ಬಿಟ್ಟರೂ ಮುಳುಗುವಂಥದ್ದೇನಿಲ್ಲ. ಎರಡು ವಾರದಲ್ಲಿ ಶಕ್ತಿ ಕುಸಿಯುವುದು ಬಹಳ ಕಡಿಮೆ.

ಕೆಡುವುದು ವಾಪಸ್ಸು ಬರುವಾಗ. ಒಂದು ಸಲ ಮೂರು ವಾರ ಬಿಟ್ಟವನು, ಬಾಕಿಯೆಲ್ಲ ಒಂದೇ ದಿನ ತೀರಿಸುತ್ತೇನೆ ಅಂತ ಐದು ಸೆಟ್ ಬಸ್ಕಿ ಹೊಡೆದೆ. ಮೂರು ದಿನ ಮೆಟ್ರೊ ಮೆಟ್ಟಿಲನ್ನು ಕಂಬಿ ಹಿಡಿದು, ಅಡ್ಡಡ್ಡ ತಿರುಗಿಕೊಂಡು ಇಳಿದೆ. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು "ಹುಷಾರಪ್ಪ" ಅಂದು ಮುಂದೆ ಹೋದರು.

ಹಾಗಾಗಿ ಬಿಟ್ಟು ಬಂದ ಮೊದಲ ವಾರ ಭಾರದಲ್ಲಿ ಕಾಲು ಭಾಗ ಇಳಿಸಿ, ಒಂದು ಸೆಟ್ ಕಡಿಮೆ ಮಾಡಿ. ನೋವಿಲ್ಲದಿದ್ದರೆ ಭಾರ ಇಳಿಸಲು ಅನುಮತಿ ಇರುವುದು ಈ ಒಂದೇ ವಾರ. ಎರಡನೇ ವಾರ ಹಳೇ ಭಾರಕ್ಕೆ ವಾಪಸ್ಸು. ಮೂರನೇ ವಾರಕ್ಕೆ ಸೆಟ್ ಪೂರ್ತಿ ಮಾಡಿ. ಅಷ್ಟರಲ್ಲಿ ಮತ್ತೆ 20ನೇ ತಾರೀಖು ಬಂದೇ ಬಿಟ್ಟಿರುತ್ತದೆ.