ನುಲಾಟೊದ ಕವಿತೆಗಳನ್ನು ನಾನು ಓದಿಸಿದ ಬಗೆ

ಅಲಾಸ್ಕಾದ ಅಥಬಾಸ್ಕನ್ ಜನರ ಕವಿತೆಗಳನ್ನು ನಮ್ಮ ಓದುಗರ ಕೂಟಕ್ಕೆ ಕನ್ನಡದಲ್ಲಿ ಪರಿಚಯಿಸಲು ಒಪ್ಪಿಕೊಂಡ ಮೇಲೆ, ಕವಿತೆಗಳನ್ನು ಪಕ್ಕಕ್ಕಿಟ್ಟು ಅವರ ಒಂದು ಹಬ್ಬದ ಬಗ್ಗೆ ಓದಲು ಕುಳಿತೆ. ಇವರಲ್ಲಿ ಸತ್ತವರಿಗೆ ವಿದಾಯವೆಂಬುದೇ ಇಲ್ಲ, ಬಾಂಧವ್ಯ ಕಡಿಯುವುದೇ ಇಲ್ಲ ಎಂಬ ಸಿಹಿಯಾದ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ವಿದಾಯ ಇದೆ, ಅದಕ್ಕೆ ವರ್ಷಗಟ್ಟಲೆ ದುಡಿಯಬೇಕು.

ಯೂಕಾನ್ ನದಿಯ ದಂಡೆಯ ನುಲಾಟೊ ಮತ್ತು ಕಾಲ್ಟಾಗ್ ಹಳ್ಳಿಗಳಲ್ಲಿ ಅಥಬಾಸ್ಕನ್ನರ ಕೊಯುಕಾನ್ ಪಂಗಡದವರು ಸರದಿಯಂತೆ ಮೃತರ ಹಬ್ಬ ನಡೆಸುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟಿಕ್ ಡಾನ್ಸ್ ಎಂಬ ಹೆಸರಿದೆ. ವಾರವಿಡೀ ಊಟ, ಹಾಡು. ಸತ್ತವರ ಬದುಕನ್ನು ಕುರಿತು ಬಂಧುಗಳೇ ಕಟ್ಟಿದ ಹಾಡುಗಳನ್ನು ಸಭೆಯಲ್ಲಿ ಹಾಡುತ್ತಾರೆ. ರೆಂಬೆ ಸವರಿ ರಿಬ್ಬನ್ ಸುತ್ತಿದ ಸ್ಪ್ರೂಸ್ ಮರದ ಕಂಬವನ್ನು ಒಳಗೆ ತಂದು ರಾತ್ರಿಯೆಲ್ಲ ಅದರ ಸುತ್ತ ಕುಣಿಯುತ್ತಾರೆ. ಸಾವಿನ ಮನೆಗೆ ನೆರವಾದವರಿಗೆ ಕುಟುಂಬದವರು ಹೊಸ ಬಟ್ಟೆ ತೊಡಿಸುತ್ತಾರೆ. ಆ ಬಟ್ಟೆಯಲ್ಲಿ ಅವರು ಸತ್ತವರ ಪ್ರತಿನಿಧಿಗಳು. ಕೊನೆಗೆ ಅವರು ಊರಿನವರ ಕೈ ಕುಲುಕಿ ಬೀಳ್ಕೊಳ್ಳುತ್ತಾರೆ.

ಇದನ್ನು ವಿವರಿಸಿದಾಗ ಕೂಟದ ಹಿರಿಯರೊಬ್ಬರು, “ನಮ್ಮ ತಿಥಿಯ ಹಾಗೆಯೇ ಅಲ್ಲವೇ?” ಎಂದರು. ಆ ಪ್ರಶ್ನೆಗೆ ನಾನು ತಯಾರಾಗಿಯೇ ಹೋಗಿದ್ದೆ. ತಿಥಿ ವರ್ಷವರ್ಷವೂ ಮರಳುತ್ತದೆ. ಇಲ್ಲಿ ಬಟ್ಟೆ, ಉಡುಗೊರೆ, ಊಟಕ್ಕೆಂದು ವರ್ಷಗಳ ಕಾಲ ಕೂಡಿಟ್ಟು, ಎಲ್ಲವನ್ನೂ ಹಂಚಿ, ಸತ್ತವರನ್ನು ಕಳುಹಿಸಿಕೊಡುತ್ತಾರೆ. ಸಂಬಂಧ ಗಟ್ಟಿಯಾಗುವುದು ಸತ್ತವರಿಗಾಗಿ ಬದುಕಿರುವವರು ಒಬ್ಬರಿಗೊಬ್ಬರು ಕೊಡುವ ಈ ಕೊಡುಗೆಯಲ್ಲಿ.

ಇಷ್ಟನ್ನು ಹೇಳಿದ ಮೇಲೆಯೇ ಮೇರಿ ಟಾಲ್‌ಮೌಂಟನ್ ಅವರ ಕವಿತೆಗಳಿಗೆ ಬಂದೆ. 1918ರಲ್ಲಿ ನುಲಾಟೊದಲ್ಲಿ ಹುಟ್ಟಿದವರು ಅವರು. ತಾಯಿಗೆ ಕ್ಷಯ. ಬಾಲ್ಯದಲ್ಲಿಯೇ ಒಬ್ಬ ವೈದ್ಯ ಮತ್ತು ಅವರ ಪತ್ನಿ ದತ್ತು ಪಡೆದು ಊರಿನಿಂದ ಕರೆದೊಯ್ದರು. ಬರವಣಿಗೆ ಕೈಹಿಡಿದದ್ದು ನಡುವಯಸ್ಸು ದಾಟಿದ ಮೇಲೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 1994ರಲ್ಲಿ ತೀರಿಕೊಂಡರು. ಹಬ್ಬದ ಹಿನ್ನೆಲೆಯಿಲ್ಲದೆ ಓದಿದರೆ ಅವರ ಅಗಲಿಕೆಯ ಕವಿತೆಗಳು ಸಮಾಧಾನದ ಕಾರ್ಡುಗಳಂತೆ ಕೇಳಿಸುತ್ತವೆ. ಹಿನ್ನೆಲೆ ತಿಳಿದ ಮೇಲೆ ನನಗೆ ಅವುಗಳಲ್ಲಿ ಕಂಡದ್ದು ಬೇರೆ: ಕೂಡಿಡಲು, ಹಂಚಲು, ಕಳುಹಿಸಿಕೊಡಲು ಊರೇ ಕೈತಪ್ಪಿದ ಮಗಳೊಬ್ಬಳು ಆ ಕೆಲಸವನ್ನು ಕಾಗದದ ಮೇಲೆ ಮಾಡುತ್ತಿದ್ದಾಳೆ.

ಅನುವಾದದಲ್ಲಿ ಹೆಚ್ಚು ಹೊತ್ತು ಹೋದದ್ದು ಅಳಿಸುವುದಕ್ಕೆ. ಕನ್ನಡದ ಶೋಕಗೀತೆ ಕೈಗೆ ಸಿಕ್ಕರೆ ಸಾಕು, ದೀಪ, ಪಯಣ, ಪರಲೋಕ ಎಲ್ಲವೂ ತಾವಾಗಿ ಬಂದು ಕುಳಿತುಕೊಳ್ಳುತ್ತವೆ. ಮೂಲದಲ್ಲಿ ನದಿ ಇದ್ದರೆ ನದಿಯನ್ನಷ್ಟೇ ಉಳಿಸಿದೆ. ಹಬ್ಬದ ಹಾಡುಗಳನ್ನಂತೂ ಅನುವಾದಿಸಲಿಲ್ಲ. ಒಬ್ಬರಿಗಾಗಿ ಅವರ ಮನೆಯವರು ಕಟ್ಟಿದ ಹಾಡನ್ನು ನಮ್ಮ ಸಂಜೆಯ ಕಾರ್ಯಕ್ರಮಕ್ಕೆ ಎತ್ತಿಕೊಳ್ಳುವುದು ನನಗೆ ಸರಿಕಾಣಲಿಲ್ಲ.

ಅಥಬಾಸ್ಕನ್ ಎಂಬುದು ಒಂದು ಭಾಷಾ ಕುಟುಂಬದ ಹೆಸರೂ ಹೌದು, ಆದರೆ ಅದು ಒಂದೇ ನಂಬಿಕೆಯಲ್ಲ. ಅದೇ ಭಾಷಾ ಕುಟುಂಬದ ನವಾಹೊ ಜನ ನೈರುತ್ಯ ಅಮೆರಿಕದವರು. ಸತ್ತವರ ಹೆಸರೆತ್ತಲು ಹಿಂಜರಿಯುವುದು, ಸಾವು ಸಂಭವಿಸಿದ ಮನೆಯನ್ನು ತೊರೆಯುವುದು ಅವರ ಹಳೆಯ ಪದ್ಧತಿ. ಆದ್ದರಿಂದ ಆಯ್ದುಕೊಂಡಿದ್ದ ನವಾಹೊ ಕವಿತೆಗಳನ್ನು ಆ ಸಂಜೆಯಿಂದ ಕೈಬಿಟ್ಟೆ. ಅವುಗಳ ಮೌನಕ್ಕೆ ಬೇರೆಯೇ ಪೀಠಿಕೆ ಬೇಕು. ಈಗ ಅದನ್ನು ಬರೆಯುತ್ತಿದ್ದೇನೆ.