ಸೊಂಟನೋವಿಗೆ ಬಡಗಿಯ ಮದ್ದು

ದಿನಾ ತುಮಕೂರಿಂದ ಬೆಂಗಳೂರಿಗೆ ಟ್ರೈನಿನಲ್ಲಿ ಓಡಾಡುತ್ತಿದ್ದವನು ನಾನು. 2020ರ ಮಾರ್ಚ್‌ನಲ್ಲಿ ಮನೆಯಿಂದಲೇ ಕೆಲಸ ಅಂದಾಗ ಹಬ್ಬವೇ ಆಯಿತು. ಮೂರೇ ತಿಂಗಳು. ಆಮೇಲೆ ಬಗ್ಗಿ ಬಕೆಟ್ ಎತ್ತೋಕೂ ಆಗದಂಥ ಸೊಂಟನೋವು.

ದಿವಾನ್ ಮೇಲೆ ಕಾಲು ಚಾಚಿ ಕೂತೆ. ಪ್ಲಾಸ್ಟಿಕ್ ಕುರ್ಚಿಗೆ ದಿಂಬಿಟ್ಟು ಕೂತೆ. ಬೆಲ್ಟಿಗೆ 700, ಮುಲಾಮು, ಮಾತ್ರೆಗೆ ಇನ್ನೊಂದು 2,000 ಹೋಯಿತು. ಕೊನೆಗೆ 11,000 ಚಿಲ್ಲರೆ ಕೊಟ್ಟು ಆಫೀಸ್ ಕುರ್ಚಿ ತರಿಸಿದೆ. ಅದೇ ದೊಡ್ಡ ದಡ್ಡತನ. ಅಪ್ಪನ ಕಾಲದ ತೇಗದ ಮೇಜು 30 ಇಂಚು ಎತ್ತರ, ನಾನು ಐದಡಿ ನಾಲ್ಕಿಂಚಿನ ಆಳು. ಕುರ್ಚಿ ಏರಿಸಿದರೆ ಕಾಲು ನೇತಾಡುತ್ತೆ, ಇಳಿಸಿದರೆ ಭುಜ ಕಿವಿಗೆ ಬರುತ್ತೆ.

ಕೂತು, ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಟೇಪ್ ಹಿಡಿದೆ. ಸುಮಾರು 26 ಇಂಚು. ಮೇಜಿನ ಕಾಲು ಕೊಯ್ಯಿಸ್ತೀನಿ ಅಂದೆ. ‘ನಿಮ್ಮಪ್ಪ ಲೆಕ್ಕ ಬರೀತಿದ್ದ ಮೇಜು ಕಣೋ!’ ಅಂತ ಅಮ್ಮ ಎರಡು ದಿನ ಮಾತು ಬಿಟ್ಟರು. ಭಾವಮೈದ ನಕ್ಕ. ಬಡಗಿ ಕೂಡ ಗರಗಸ ಇಟ್ಟವರು ನಿಲ್ಲಿಸಿ, ‘ಸಾರ್, ಕೊಯ್ದಮೇಲೆ ಅಂಟಿಸೋಕಾಗಲ್ಲ, ಇನ್ನೊಂದ್ಸಲ ಅಳೀರಿ’ ಅಂದರು. ಕೂಲಿ 350. ಒಂದು ಕಾಲು ನೂಲಿನಷ್ಟು ಗಿಡ್ಡವಾಗಿ ಮೇಜು ಕುಂಟಿತು, ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಕೊಟ್ಟೆ. ಡ್ರಾಯರ್ ತೊಡೆಗೆ ತಾಗುತ್ತಿತ್ತು, ಅದನ್ನೂ ಕಿತ್ತೆ. ಲ್ಯಾಪ್‌ಟಾಪನ್ನು ಪೇಪರ್ ಸುತ್ತಿದ ಇಟ್ಟಿಗೆ ಮೇಲೆ ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೆ ಕೀಬೋರ್ಡ್, ಮೌಸ್ ಹಾಕಿದೆ. ಅದಕ್ಕೊಂದು ಸಾವಿರ.

ನಡುವೆ ಅಡುಗೆ ಕಟ್ಟೆ ಮೇಲಿಟ್ಟು ನಿಂತು ಕೆಲಸ ಮಾಡಿಯೂ ನೋಡಿದೆ. ಹಿಮ್ಮಡಿ ನೋವು ಬಂತು, ಕೀಬೋರ್ಡಿಗೆ ಒಗ್ಗರಣೆಯ ಸಾಸಿವೆ ಸಿಡಿಯಿತು. ಅಲ್ಲಿಗೆ ಮುಗಿಯಿತು.

ಆದರೂ ನೋವು ಅರ್ಧವೇ ಇಳಿದದ್ದು. ಆಮೇಲೆ ಹೊಳೆಯಿತು. ಮೊದಲು ಸ್ಟೇಷನ್ನಿಗೆ ನಡೆಯುತ್ತಿದ್ದೆ, ಮೆಟ್ಟಿಲು ಹತ್ತುತ್ತಿದ್ದೆ, ಟೀಗೆ ಏಳುತ್ತಿದ್ದೆ. ಮನೆಯಲ್ಲಿ ಟೀ ಕೂತಲ್ಲಿಗೇ ಬರುತ್ತಿತ್ತು! ನೀರಿನ ಬಾಟಲಿ ತೆಗೆದು ಸಣ್ಣ ಲೋಟ ಇಟ್ಟೆ. ಖಾಲಿಯಾದಾಗೆಲ್ಲ ಏಳಲೇಬೇಕು, ಅಲ್ವಾ? ಸಂಜೆ ಅಮಾನಿಕೆರೆ ಹತ್ತಿರ ಮುಕ್ಕಾಲು ಗಂಟೆ ನಡಿಗೆ. ಎರಡು ತಿಂಗಳಲ್ಲಿ ಬೆಲ್ಟು ಅಟ್ಟ ಸೇರಿತು. ಕಾಲಿಗೆ ಜೋಮು ಇಳಿಯುತ್ತಿದ್ದರೆ ಮಾತ್ರ ಬಡಗಿ ಬೇಡ, ಡಾಕ್ಟರ ಹತ್ತಿರ ಹೋಗಿ.

ಬೆನ್ನಿಗೆ ಒಂದು ಸಣ್ಣ ದಿಂಬು ಹೊಲಿಸಿದ್ದೇನೆ. ಒಳಗೇನು ತುಂಬಿದೆ ಅಂತ ಮಾತ್ರ ಕೇಳಬೇಡಿ. ನಕ್ಕಿದ್ದ ಭಾವಮೈದನೇ ಹೋದ ವಾರ ಟೇಪ್ ಕೇಳಿಕೊಂಡು ಬಂದಿದ್ದ. ಕೊಯ್ದ ನಾಲ್ಕು ತುಂಡು ಇನ್ನೂ ಮನೆಯಲ್ಲೇ ಇವೆ, ಎಸೆಯೋಕೆ ಅಮ್ಮ ಬಿಡುತ್ತಿಲ್ಲ.